ನೆಗಡಿಯಾಯಿತೆಂದು ಮೂಗು ಕೊಯ್ಯಬೇಡಿ



ಮಗನೋ ಮಗಳೋ ಡಿಪ್ಲೊಮಾ, ಬಿ.ಸಿ.ಎ., ಇಂಜಿನಿಯರಿಂಗ್ ಓದುತ್ತಿರುವ ಮನೆಗಳಲ್ಲಿ ಈಗ ಈ ಕೂಗು ಸಾಮಾನ್ಯವಾಗಿಬಿಟ್ಟಿದೆ: “ಅಮ್ಮಾ, ನಿನ್ನೆ ರಾತ್ರಿ ಎಲ್ಲಾ ಸರಿಯಾಗಿತ್ತು. ಬೆಳಿಗ್ಗೆ ಅಪ್‌ಡೇಟ್ ಆಯ್ತು ನೋಡು, ಈಗ ಏನೂ ಓಡ್ತಾನೇ ಇಲ್ಲ!” ನಾಳೆ ಪ್ರಾಜೆಕ್ಟ್ ಒಪ್ಪಿಸಬೇಕು. ಮಗು ಊಟ ಬಿಟ್ಟು ಕೂತಿದೆ. ಅಷ್ಟರಲ್ಲಿ ಪಕ್ಕದ ಮನೆಯವರು ಯಾರೋ, “ಅಂಗಡಿಗೆ ಕೊಡ್ರೀ, ಫಾರ್ಮ್ಯಾಟ್ ಮಾಡಿಸಿದ್ರೆ ಸರಿಹೋಗುತ್ತೆ” ಅನ್ನುತ್ತಾರೆ.

ಫಾರ್ಮ್ಯಾಟ್ ಅಂದರೆ ಸ್ಲೇಟು ಒರೆಸಿದ ಹಾಗೆ. ಬೇರೆ ಕಡೆ ತೆಗೆದಿಡದೆ ಒರೆಸಿದರೆ ಮಗುವಿನ ನೋಟ್ಸು, ಪ್ರಾಜೆಕ್ಟು, ಮನೆಯವರ ಮದುವೆ ಮುಂಜಿ ಫೋಟೋ ಎಲ್ಲವೂ ಹೋದೀತು. ಬಂದಿರುವುದು ಬರೀ ನೆಗಡಿ. ಅದಕ್ಕೆ ಮೂಗನ್ನೇ ಕೊಯ್ದುಕೊಳ್ಳಬೇಕೆ?

ಹಾಗಾಗಿ ಈ ಸಲ ಈ ನೆಗಡಿಯ ಮದ್ದನ್ನೇ ನೋಡೋಣ. ನಮಗೆ ಪ್ರೋಗ್ರಾಂ ಬರೆಯಲು ಬಾರದಿದ್ದರೂ ಚಿಂತೆಯಿಲ್ಲ. ದೋಷ ಹುಡುಕುವ ಕೆಲಸ ನಮಗೆ ದಿನನಿತ್ಯದ್ದೇ.

ಹೊಸ ಮಿಕ್ಸಿ, ಹಳೆ ಜಾರು

ಮಕ್ಕಳು ಪ್ರೋಗ್ರಾಂ ಬರೆಯುವ ಹಲಗೆಗೆ ಕೋಡ್ ಎಡಿಟರ್ ಎಂದು ಹೆಸರು. ಹೆಚ್ಚಿನ ಮಕ್ಕಳು ಬಳಸುವುದು ಮೈಕ್ರೋಸಾಫ್ಟ್‌ನವರು 2015ರಲ್ಲಿ ಹೊರತಂದ ‘ವಿಎಸ್ ಕೋಡ್’. ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ. ವರ್ಷದಲ್ಲಿ ಹಲವು ಸಲ ತನ್ನಷ್ಟಕ್ಕೆ ತಾನೇ ಹೊಸದಾಗುತ್ತಿರುತ್ತದೆ.

ಈ ಎಡಿಟರು ಮಿಕ್ಸಿಯ ಮೋಟಾರ್ ಇದ್ದಂತೆ ಅಂದುಕೊಳ್ಳಿ. ಚಟ್ನಿಗೊಂದು, ಪುಡಿಗೊಂದು ಜಾರು ಇರುವ ಹಾಗೆ ಪೈಥಾನ್ ಭಾಷೆಗೊಂದು, ಜಾವಾಕ್ಕೊಂದು, ಬರೆದದ್ದನ್ನು ಒಪ್ಪವಾಗಿ ಜೋಡಿಸುವುದಕ್ಕೊಂದು ಹೀಗೆ ಬೇರೆ ಬೇರೆ ಜೋಡಣೆಗಳಿವೆ. ಅವೇ ಎಕ್ಸ್‌ಟೆನ್ಷನ್‌ಗಳು. ಎಷ್ಟೋ ಎಕ್ಸ್‌ಟೆನ್ಷನ್‌ಗಳನ್ನು ಮಾಡಿದವರು ಬೇರೆಯೇ ಜನ. ಮೋಟಾರ್ ಬದಲಾದಾಗ ಜಾರು ಮಾಡಿದವರೂ ತಮ್ಮದನ್ನು ತಿದ್ದಬೇಕು. ತಿದ್ದದಿದ್ದರೆ ಹೊಸ ಮಿಕ್ಸಿಗೆ ಹಳೆ ಜಾರು ಕೂರದ ಹಾಗೆ ಆಗುತ್ತದೆ. ಕೆಲವೊಮ್ಮೆ ಮೋಟಾರ್ ಸರಿಯಾಗೇ ಇದ್ದು ಜಾರೇ ಬದಲಾಗಿರುತ್ತದೆ. ಏಕೆಂದರೆ ಎಕ್ಸ್‌ಟೆನ್ಷನ್‌ಗಳೂ ತಮ್ಮ ಪಾಡಿಗೆ ಹೊಸದಾಗುತ್ತಿರುತ್ತವೆ.

ಮುಖ್ಯವಾದ ಮಾತು: ಮಗು ಬರೆದ ಪ್ರೋಗ್ರಾಂ ಬೇರೆ ಫೋಲ್ಡರಿನಲ್ಲಿ ಕ್ಷೇಮವಾಗಿರುತ್ತದೆ. ಜಾರು ಕೆಟ್ಟರೆ ಡಬ್ಬಿಯಲ್ಲಿರುವ ಬೇಳೆ ಕೆಡುವುದಿಲ್ಲವಲ್ಲ! ಆದ್ದರಿಂದ ಮೊದಲು ಆ ಫೋಲ್ಡರನ್ನು ಒಂದು ಪೆನ್‌ಡ್ರೈವಿಗೆ ಹಾಕಿಸಿಬಿಡಿ. ಅರ್ಧ ಗಾಬರಿ ಅಲ್ಲಿಗೇ ಇಳಿಯುತ್ತದೆ.

ಮೊದಲು ಸುಲಭದ ಮದ್ದು

1. ಎಡಿಟರನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಲಿ. ಎಕ್ಸ್‌ಟೆನ್ಷನ್‌ಗಳ ಪಟ್ಟಿ ತೆರೆಯಲು ಕಂಟ್ರೋಲ್, ಶಿಫ್ಟ್, ಎಕ್ಸ್ ಈ ಮೂರು ಕೀಲಿ ಒಟ್ಟಿಗೆ ಒತ್ತಬೇಕು. ಅಲ್ಲಿ ಯಾವುದಾದರೂ ‘ಅಪ್‌ಡೇಟ್’, ‘ರೀಸ್ಟಾರ್ಟ್’ ಎಂದು ಕೇಳುತ್ತಿದ್ದರೆ ಅದನ್ನು ಮುಗಿಸಲಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ.

2. ‘ರಿಸ್ಟ್ರಿಕ್ಟೆಡ್ ಮೋಡ್’ ಎಂದು ಕಾಣುತ್ತಿದೆಯೇ ನೋಡಿ. 2021ರಿಂದ ವಿಎಸ್ ಕೋಡ್, ಗುರುತಿಲ್ಲದ ಫೋಲ್ಡರ್ ತೆರೆದಾಗ “ಇದನ್ನು ನಂಬಬಹುದೇ?” ಎಂದು ಕೇಳುತ್ತದೆ. ಬೇಡ ಅಂದರೆ ಹಲವು ಎಕ್ಸ್‌ಟೆನ್ಷನ್‌ಗಳು ಕೆಲಸ ನಿಲ್ಲಿಸುತ್ತವೆ. ಕನ್ನಡದಲ್ಲಿ ಬರೆದ ಅಕ್ಷರಗಳ ಸುತ್ತ ಚೌಕಟ್ಟು ಮೂಡುವುದೂ ಉಂಟು. ಅದು ರೋಗವಲ್ಲ, ಬಾಗಿಲ ಚಿಲಕ. ಮಗುವೇ ಮಾಡಿದ ಫೋಲ್ಡರ್ ಆದರೆ ನಂಬಿಕೆ ಕೊಡಬಹುದು. ಎಲ್ಲಿಂದಲೋ ಇಳಿಸಿಕೊಂಡದ್ದಾದರೆ ಚಿಲಕ ಹಾಗೇ ಇರಲಿ.

3. ಪೈಥಾನ್ ಓಡದಿದ್ದರೆ, ಯಾವ ಪೈಥಾನ್ ಬಳಸಬೇಕೆಂಬ ಆಯ್ಕೆ ತಪ್ಪಿರಬಹುದು. ಒಂದೇ ಲ್ಯಾಪ್‌ಟಾಪಿನಲ್ಲಿ ಎರಡು ಮೂರು ಪೈಥಾನ್ ಇರುವುದುಂಟು. ಕಂಟ್ರೋಲ್, ಶಿಫ್ಟ್, ಪಿ ಒತ್ತಿ ‘ಪೈಥಾನ್: ಸೆಲೆಕ್ಟ್ ಇಂಟರ್‌ಪ್ರಿಟರ್’ ಎಂದು ಬೆರಳಚ್ಚಿಸಿ ಹಿಂದಿನದನ್ನೇ ಆರಿಸಲಿ.

4. ಒಪ್ಪವಾಗಿ ಜೋಡಿಸುವ ಕೆಲಸ ನಿಂತಿದ್ದರೆ, ಅದೇ ಕೆಲಸಕ್ಕೆ ಎರಡು ಎಕ್ಸ್‌ಟೆನ್ಷನ್ ಸೇರಿಕೊಂಡಿವೆಯೇ ನೋಡಲಿ. ಒಂದೇ ಒಲೆ ಮುಂದೆ ಇಬ್ಬರು ಅಡುಗೆಯವರು! ‘ಡೀಫಾಲ್ಟ್ ಫಾರ್ಮ್ಯಾಟರ್’ ಎಂಬಲ್ಲಿ ಒಬ್ಬರನ್ನು ಗೊತ್ತುಮಾಡಿದರೆ ಆಯಿತು. (ಈ ಫಾರ್ಮ್ಯಾಟರ್‌ಗೂ ಅಂಗಡಿಯ ಫಾರ್ಮ್ಯಾಟ್‌ಗೂ ಸಂಬಂಧವಿಲ್ಲ, ಹೆದರಬೇಡಿ.)

5. ಎಕ್ಸ್‌ಟೆನ್ಷನ್ ಹೆಸರಿನ ಮುಂದೆ ‘ಡೆಪ್ರಿಕೇಟೆಡ್’ ಎಂದಿದ್ದರೆ ಅದಕ್ಕೆ ವಯಸ್ಸಾಯಿತು ಎಂದರ್ಥ. ಕೆಲವು ಸಲ ಅದು ಮಾಡುತ್ತಿದ್ದ ಕೆಲಸವನ್ನು ಎಡಿಟರೇ ಕಲಿತುಬಿಟ್ಟಿರುತ್ತದೆ. ಆವರಣ ಚಿಹ್ನೆಗಳಿಗೆ ಬಣ್ಣ ಹಚ್ಚುವ ಎಕ್ಸ್‌ಟೆನ್ಷನ್ ಒಂದು ಬಹಳ ಜನಪ್ರಿಯವಾಗಿತ್ತು. 2021ರಲ್ಲಿ ವಿಎಸ್ ಕೋಡ್‌ಗೇ ಆ ಗುಣ ಬಂತು. ಇಂಥದ್ದನ್ನು ತೆಗೆದುಹಾಕಿದರೆ ನಷ್ಟವೇನೂ ಇಲ್ಲ.

ಅರ್ಧ ಅರ್ಧದ ಉಪಾಯ

ಇಷ್ಟಾದರೂ ಸರಿಹೋಗಲಿಲ್ಲ ಅನ್ನಿ. ಆಗ ಕಳ್ಳ ಯಾರೆಂದು ಹಿಡಿಯಬೇಕು. ಮನೆಯಲ್ಲಿ ಮೇನ್ ಸ್ವಿಚ್ ಪದೇ ಪದೇ ಬೀಳುತ್ತಿದ್ದರೆ ನಾವೇನು ಮಾಡುತ್ತೇವೆ? ಎಲ್ಲ ಪ್ಲಗ್ಗು ಕಿತ್ತು ಸ್ವಿಚ್ ಹಾಕುತ್ತೇವೆ. ನಿಂತರೆ, ಒಂದೊಂದಾಗಿ ಸೇರಿಸುತ್ತಾ ಹೋಗುತ್ತೇವೆ. ಗೀಸರ್ ಹಾಕಿದೊಡನೆ ಬಿತ್ತೋ, ಅದೇ ಕಳ್ಳ!

ಇಲ್ಲೂ ಹಾಗೇ. ಮೊದಲು ‘ಡಿಸೇಬಲ್ ಆಲ್ ಇನ್‌ಸ್ಟಾಲ್ಡ್ ಎಕ್ಸ್‌ಟೆನ್ಷನ್ಸ್’ ಕೊಟ್ಟು ಎಲ್ಲವನ್ನೂ ಮಲಗಿಸಬೇಕು. ಡಿಸೇಬಲ್ ಅಂದರೆ ಅಳಿಸುವುದಲ್ಲ, ಪ್ಲಗ್ಗು ಕಿತ್ತಿಟ್ಟ ಹಾಗೆ. ಎಲ್ಲ ಮಲಗಿಸಿದ ಮೇಲೂ ಅದೇ ತೊಂದರೆ ಇದ್ದರೆ ತಪ್ಪು ಎಕ್ಸ್‌ಟೆನ್ಷನ್‌ಗಳದ್ದಲ್ಲ, ಬೇರೆ ಕಡೆ ಹುಡುಕಬೇಕು. ತೊಂದರೆ ಮಾಯವಾದರೆ ಕಳ್ಳ ಆ ಗುಂಪಿನಲ್ಲೇ ಇದ್ದಾನೆ.

ಒಂದೊಂದಾಗಿ ನೋಡುತ್ತಾ ಕೂತರೆ ಹೊತ್ತು ಬಹಳ. ಅರ್ಧ ಅರ್ಧ ಮಾಡಿ. 16 ಇದ್ದರೆ ಮೊದಲು 8 ಎಬ್ಬಿಸಿ. ತೊಂದರೆ ಬಂದರೆ ಕಳ್ಳ ಆ 8ರಲ್ಲಿ, ಬಾರದಿದ್ದರೆ ಉಳಿದ 8ರಲ್ಲಿ. ಆಮೇಲೆ 4, ಆಮೇಲೆ 2, ಆಮೇಲೆ 1. ನಾಲ್ಕೇ ಸುತ್ತಿಗೆ ಸಿಕ್ಕಿಬಿದ್ದ! 32 ಇದ್ದರೂ ಐದೇ ಸುತ್ತು. ಈ ಲೆಕ್ಕವನ್ನು ವಿಎಸ್ ಕೋಡ್ ತಾನೇ ಇಟ್ಟುಕೊಳ್ಳುವ ಏರ್ಪಾಡೂ ಇದೆ. ಕಂಟ್ರೋಲ್, ಶಿಫ್ಟ್, ಪಿ ಒತ್ತಿ ‘ಸ್ಟಾರ್ಟ್ ಎಕ್ಸ್‌ಟೆನ್ಷನ್ ಬೈಸೆಕ್ಟ್’ ಎಂದರೆ ಅದೇ ಅರ್ಧ ಅರ್ಧ ಮಲಗಿಸುತ್ತಾ, “ತೊಂದರೆ ಇನ್ನೂ ಇದೆಯೇ?” ಎಂದು ಕೇಳುತ್ತಾ ಹೋಗಿ, ಕೊನೆಗೆ ಹೆಸರು ಹೇಳುತ್ತದೆ.

ಕಳ್ಳ ಸಿಕ್ಕ ಮೇಲೆ ಅವನನ್ನು ಹೊರದೂಡಲೇಬೇಕೆಂದಿಲ್ಲ. ಆ ಎಕ್ಸ್‌ಟೆನ್ಷನ್‌ನ ಹಲ್ಲುಚಕ್ರದ ಗುರುತನ್ನು ಒತ್ತಿದರೆ ಹಳೆಯ ಆವೃತ್ತಿಯನ್ನು ಹಾಕಿಕೊಳ್ಳುವ ಅನುಕೂಲವಿದೆ. ಹೊಸದು ಸರಿಹೋಗುವ ತನಕ ಹಳೆಯದರಲ್ಲೇ ಸಂಸಾರ ನಡೆಯಲಿ.

ಕಿತ್ತು ಮತ್ತೆ ಹಾಕಿದರೆ?

ಇದು ಎಲ್ಲರೂ ಕೊಡುವ ಸಲಹೆ. ಆದರೆ ವಿಎಸ್ ಕೋಡ್ ಅನ್ನು ಕಿತ್ತುಹಾಕಿದರೂ ಎಕ್ಸ್‌ಟೆನ್ಷನ್‌ಗಳೂ ಸೆಟ್ಟಿಂಗ್‌ಗಳೂ ಸಾಮಾನ್ಯವಾಗಿ ಬೇರೆ ಫೋಲ್ಡರಿನಲ್ಲಿ ಉಳಿದೇ ಇರುತ್ತವೆ. ಮತ್ತೆ ಹಾಕಿದೊಡನೆ ಅದೇ ಹಳೆ ಕಳ್ಳ ಬಂದು ಕೂರುತ್ತಾನೆ. ಗಿಡದ ತಲೆ ಕತ್ತರಿಸಿದರೆ ಬೇರಿನ ಹುಳು ಹೋದೀತೆ?

ಇನ್ನೊಂದು ಮಾತು. ಅಣ್ಣನ ಹಳೆಯ ಲ್ಯಾಪ್‌ಟಾಪನ್ನೇ ತಂಗಿ ಬಳಸುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅದರಲ್ಲಿ ವಿಂಡೋಸ್ 7 ಇದ್ದರೆ ವಿಎಸ್ ಕೋಡ್‌ನ 1.70.3 ಆವೃತ್ತಿಯೇ ಅದಕ್ಕೆ ಕೊನೆಯದು. ಇತ್ತೀಚಿನ ಎಕ್ಸ್‌ಟೆನ್ಷನ್‌ಗಳು ಅದಕ್ಕೆ ಕೂರದಿದ್ದರೆ ಮಗುವನ್ನು ಬೈಯಬೇಡಿ. ಕೈಗುಣದ ದೋಷವಲ್ಲ, ಒಲೆಯೇ ಹಳೆಯದು.

ಮುಂಜಾಗ್ರತೆ

* ಪರೀಕ್ಷೆ, ಪ್ರಾಜೆಕ್ಟಿನ ವಾರದಲ್ಲಿ ಹೊಸ ಆವೃತ್ತಿ ಬೇಡ. ಹಬ್ಬದ ದಿನ ಹೊಸ ಕುಕ್ಕರ್ ಪರೀಕ್ಷೆ ಮಾಡುತ್ತೇವೆಯೇ? ಸೆಟ್ಟಿಂಗಿನಲ್ಲಿ ‘ಅಪ್‌ಡೇಟ್ ಮೋಡ್’ ಎಂಬುದನ್ನು ‘ಮ್ಯಾನ್ಯುಯಲ್’ ಮಾಡಿಟ್ಟರೆ ನಾವು ಹೇಳಿದಾಗ ಮಾತ್ರ ಹೊಸದಾಗುತ್ತದೆ. ಎಕ್ಸ್‌ಟೆನ್ಷನ್‌ಗಳ ‘ಆಟೋ ಅಪ್‌ಡೇಟ್’ ಅನ್ನೂ ಬೇರೆಯಾಗಿ ನಿಲ್ಲಿಸಬೇಕು. ಪರೀಕ್ಷೆ ಮುಗಿದ ಮೇಲೆ ಮರೆಯದೆ ಹೊಸದು ಮಾಡಿಕೊಳ್ಳಲಿ. ಭದ್ರತೆಯ ತಿದ್ದುಪಡಿಗಳೂ ಅದರಲ್ಲೇ ಬರುತ್ತವೆ.
* ಬೇಡದ ಎಕ್ಸ್‌ಟೆನ್ಷನ್‌ಗಳನ್ನು ಆಗಾಗ ತೆಗೆಯಲಿ. ಡಬ್ಬಿ ಕಡಿಮೆಯಿದ್ದಷ್ಟೂ ಹುಳು ಹುಡುಕುವುದು ಸುಲಭ.
* ಯಾವ ಯಾವ ಎಕ್ಸ್‌ಟೆನ್ಷನ್ ಇವೆ ಎಂದು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಡಲಿ.
* ಅಂಗಡಿಗೆ ಕೊಡಲೇಬೇಕಾಗಿ ಬಂದರೆ, “ನಮ್ಮನ್ನು ಕೇಳದೆ ಫಾರ್ಮ್ಯಾಟ್ ಮಾಡಬೇಡಿ” ಎಂದು ಚೀಟಿಯಲ್ಲಿ ಬರೆಸಿಯೇ ಕೊಡಿ.

ಕಡೆಯದಾಗಿ, ತಾಯಂದಿರಿಗೆ ಒಂದು ಕಿವಿಮಾತು. ಮಗು ಗಾಬರಿಯಾದಾಗ “ಯಾವಾಗಲೂ ಅದರ ಮುಂದೇ ಕೂತಿರ್ತೀಯ, ಇಷ್ಟೂ ಗೊತ್ತಾಗಲ್ವಾ?” ಎನ್ನಬೇಡಿ. ಒಂದು ಲೋಟ ಹಾಲು ಕೊಟ್ಟು ಪಕ್ಕದಲ್ಲಿ ಕೂತು ಮೂರೇ ಪ್ರಶ್ನೆ ಕೇಳಿ. ನಿನ್ನೆ ನಡೀತಿದ್ದದ್ದು ಇವತ್ತು ಯಾವುದು ನಡೀತಿಲ್ಲ? ನಡುವೆ ಏನು ಬದಲಾಯಿತು? ಬದಲಾದದ್ದರಲ್ಲಿ ಅರ್ಧ ತೆಗೆದರೆ ಏನಾಗುತ್ತೆ? ಉತ್ತರ ಹೇಳುತ್ತಾ ಹೇಳುತ್ತಾ ಮಗುವಿಗೇ ದಾರಿ ಕಾಣುತ್ತದೆ. ಕೋಡ್ ಗೊತ್ತಿಲ್ಲದ ಅಮ್ಮನಿಂದ ಆಗುವ ಸಹಾಯ ಇದು, ಸಣ್ಣದೇನಲ್ಲ. ಏನಂತೀರಿ?