ಹೆದರಿಕೆಗೆ ಎಷ್ಟು ಉಕ್ಕು ಬೇಕು?

ಡಲ್ಲಾಸ್ ಮತ್ತು ಫೋರ್ಟ್ ವರ್ತ್ ನಗರಗಳ ನಡುವಿನ ಆರ್ಲಿಂಗ್‌ಟನ್ನಿನಲ್ಲಿ ಸಿಕ್ಸ್ ಫ್ಲ್ಯಾಗ್ಸ್ ಓವರ್ ಟೆಕ್ಸಾಸ್ ಎಂಬ ಹಳೆಯ ಪಾರ್ಕಿದೆ. ಅಲ್ಲಿ 2026ಕ್ಕೆಂದು ಒಂದು ಉಕ್ಕಿನ ರೋಲರ್ ಕೋಸ್ಟರನ್ನು ಪ್ರಕಟಿಸಿದ್ದಾರೆ. ಹೆಸರು ಟೊರ್ಮೆಂಟಾ ರ್‍ಯಾಂಪೇಜಿಂಗ್ ರನ್. ಎತ್ತರ 309 ಅಡಿ, ಅಂದರೆ ಹೆಚ್ಚುಕಮ್ಮಿ ಮೂವತ್ತು ಮಹಡಿ. ತುದಿಯಿಂದ 285 ಅಡಿ ಕುಸಿತ. ಅದೂ 95 ಡಿಗ್ರಿಯಲ್ಲಿ, ನೆಟ್ಟಗಿನ ಗೋಡೆಗಿಂತಲೂ ಒಂದಿಷ್ಟು ಒಳಕ್ಕೆ ಬಾಗಿ. ಹಳಿಯ ಉದ್ದ ಸುಮಾರು 1,280 ಮೀಟರ್, ವೇಗ ಗಂಟೆಗೆ 140 ಕಿ.ಮೀ.

‘ಡೈವ್ ಕೋಸ್ಟರ್‌ಗಳಲ್ಲಿ ಜಗತ್ತಿನಲ್ಲೇ ಅತಿ ಎತ್ತರದ್ದು’ ಎಂಬುದು ಇದರ ಹೆಗ್ಗಳಿಕೆ. ‘ಡೈವ್ ಕೋಸ್ಟರ್‌ಗಳಲ್ಲಿ’ ಎಂಬ ಮಾತನ್ನು ಗಮನಿಸಬೇಕು. ತಾಲ್ಲೂಕಿಗೇ ಪ್ರಥಮ ಎಂದು ಬ್ಯಾನರ್ ಕಟ್ಟಿಸಿದ ಹಾಗೆ. ಸೌದಿ ಅರೇಬಿಯಾದ ಕಿದ್ದಿಯಾದಲ್ಲಿ 195 ಮೀಟರಿನ ಫಾಲ್ಕನ್ಸ್ ಫ್ಲೈಟ್ ಎದ್ದು ನಿಂತ ಮೇಲೆ ಉಳಿದವರೆಲ್ಲ ಇಂಥ ಷರತ್ತಿನ ದಾಖಲೆಗಳಲ್ಲೇ ಸಮಾಧಾನಪಟ್ಟುಕೊಳ್ಳಬೇಕು. ನ್ಯೂಜೆರ್ಸಿಯ ಕಿಂಗ್ಡಾ ಕಾ 2005ರಲ್ಲಿ 139 ಮೀಟರ್ ಏರಿ ಜಗತ್ತನ್ನು ಬೆರಗುಗೊಳಿಸಿತ್ತು. 2025ರ ಫೆಬ್ರವರಿಯಲ್ಲಿ ಅದನ್ನು ಸ್ಫೋಟಕ ಇಟ್ಟು ಕೆಡವಿದರು. ಎತ್ತರದ ಈ ಪೈಪೋಟಿಯಲ್ಲಿ ನನಗೆ ಅಂಥ ಆಸಕ್ತಿಯೇನೂ ಇಲ್ಲ.

ಕುತೂಹಲ ಹುಟ್ಟಿಸುವುದು ತುದಿಯಲ್ಲಿ ಆಗುವ ಇನ್ನೊಂದು ಸಂಗತಿ. ಡೈವ್ ಕೋಸ್ಟರಿನಲ್ಲಿ ಗಾಡಿ ಮೇಲೇರಿ, ಅಂಚಿಗೆ ಬಂದು, ಮುಂದಿನ ಸಾಲಿನವರ ಮುಖ ನೆಲದತ್ತ ತಿರುಗಿದಾಗ ಯಂತ್ರ ಅದನ್ನು ಕೆಲವು ಸೆಕೆಂಡು ಹಿಡಿದು ನಿಲ್ಲಿಸುತ್ತದೆ. ಆಮೇಲೆ ಬಿಟ್ಟುಬಿಡುತ್ತದೆ. ಸ್ವಿಟ್ಜರ್ಲೆಂಡಿನ ಬಾಲಿಗರ್ ಮತ್ತು ಮಾಬಿಯಾರ್ ಕಂಪನಿ ಇಂಥ ಮೊದಲ ಕೋಸ್ಟರನ್ನು 1998ರಲ್ಲಿ ಇಂಗ್ಲೆಂಡಿನ ಆಲ್ಟನ್ ಟವರ್ಸ್ ಪಾರ್ಕಿಗೆ ಕಟ್ಟಿಕೊಟ್ಟಿತು. ಟೆಕ್ಸಾಸಿನದನ್ನು ಕಟ್ಟುತ್ತಿರುವವರೂ ಅವರೇ. ಆಲ್ಟನ್ ಟವರ್ಸಿನಲ್ಲಿ ಯಾವ ಯಂತ್ರವೂ ಸುತ್ತಲಿನ ಮರಗಳ ತಲೆ ಮೀರಬಾರದೆಂಬ ಕಟ್ಟಳೆಯಿತ್ತು. ಹಾಗಾಗಿ ಅಲ್ಲಿಯವರು ಮೇಲೆ ಹೋಗುವ ಬದಲು ನೆಲ ಅಗೆದು ಸುರಂಗ ಮಾಡಿ, 180 ಅಡಿಯ ಕುಸಿತವನ್ನು ಅದರೊಳಕ್ಕೆ ಇಳಿಸಿದರು. ಟೆಕ್ಸಾಸಿನ ಬಯಲಿಗೆ ಇಂಥ ಸಂಕೋಚವಿಲ್ಲ. ಆದರೆ ಎರಡೂ ಕಡೆ ಮಾರಾಟವಾಗುವ ಸರಕು ವೇಗವಲ್ಲ, ಆ ಕೆಲವು ಸೆಕೆಂಡುಗಳ ಕಾಯುವಿಕೆ. ಬೀಳುವಾಗ ಹೆದರಲು ಪುರಸೊತ್ತೇ ಇರುವುದಿಲ್ಲ. ಹೆದರಬೇಕಾದರೆ ನಿಂತು ನೋಡಬೇಕು.

ಹೀಗೆ ನಿಲ್ಲಿಸುವ ಧೈರ್ಯ ಯಂತ್ರಕ್ಕೆ ಬಂದದ್ದು ಹೇಗೆ? ಲಾಮಾರ್ಕಸ್ ಥಾಂಪ್ಸನ್ ಎಂಬಾತ 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಐದು ಸೆಂಟಿಗೆ ಜನರನ್ನು ಕೂರಿಸಿ ಜಾರಿಸಿದ ಗಾಡಿಯ ವೇಗ ಗಂಟೆಗೆ ಹತ್ತು ಕಿ.ಮೀ. ಇತ್ತು, ಅಷ್ಟೇ. ಹನ್ನೊಂದು ವರ್ಷದ ಮೇಲೆ ಅದೇ ಕೋನಿ ಐಲೆಂಡಿನಲ್ಲಿ ಫ್ಲಿಪ್ ಫ್ಲ್ಯಾಪ್ ಎಂಬ ಗಾಡಿ ಜನರನ್ನು ತಲೆಕೆಳಗು ಮಾಡಿ ತಿರುಗಿಸಿತು. ಅದರ ಸುತ್ತು ಕೈವಾರದಲ್ಲಿ ಎಳೆದಂಥ ವೃತ್ತ. ನೇರ ಹಳಿಯಿಂದ ಗಾಡಿ ವೃತ್ತಕ್ಕೆ ನುಗ್ಗಿದ ಗಳಿಗೆಯಲ್ಲೇ ಇಡೀ ಒತ್ತಡ ಕತ್ತಿನ ಮೇಲೆ ಬೀಳುತ್ತಿತ್ತು. ಆ ಒತ್ತಡ ಗುರುತ್ವದ ಹನ್ನೆರಡು ಪಟ್ಟು ಇತ್ತೆಂದು ಹೇಳುತ್ತಾರೆ. ಆ ಕಾಲದಲ್ಲಿ ಹೆದರಿಕೆಯೂ ಅಪಾಯವೂ ಒಂದೇ ಗಾಡಿಯಲ್ಲಿ ಕೂತು ಬರುತ್ತಿದ್ದವು. ಅವೆರಡನ್ನೂ ಬಿಡಿಸಿ ದೂರ ಕೂರಿಸಿದ್ದೇ ಮುಂದಿನ ನೂರು ವರ್ಷಗಳ ಎಂಜಿನಿಯರಿಂಗ್.

ಅದರಲ್ಲಿ ಜಾನ್ ಮಿಲ್ಲರ್ ಎಂಬಾತನ ಪಾಲು ದೊಡ್ಡದು. ಹಳಿಯ ಕೆಳಗಿನಿಂದಲೂ ಒಂದು ಚಕ್ರ ಹಿಡಿದಿದ್ದರೆ ಗಾಡಿ ಹಾರಿ ಹೋಗದು ಎಂದು ಅವನು 1919ರಲ್ಲಿ ಪೇಟೆಂಟ್ ಪಡೆದ. ಇಂದಿಗೂ ಬಹುತೇಕ ಕೋಸ್ಟರ್‌ಗಳ ಅಡಿಯಲ್ಲಿ ಆ ಚಕ್ರವಿದೆ. ಆಮೇಲೆ ಉಕ್ಕು ಬಂತು. ಮರದ ಕೋಸ್ಟರಿನಲ್ಲಿ ಹಳಿಯೆಂದರೆ ಹಲಗೆಗಳ ಮೇಲೆ ಬಡಿದ ತೆಳು ಉಕ್ಕಿನ ಪಟ್ಟಿ. ಬಿಸಿಲು ಮಳೆಗೆ ಹಿಗ್ಗಿ ಕುಗ್ಗಿ ಸಡಿಲಾಗುವ ಅದನ್ನು ಬಡಗಿಗಳು ನಡೆದು ನೋಡಿ ಬಿಗಿಯುತ್ತಲೇ ಇರಬೇಕು. 1959ರಲ್ಲಿ ಡಿಸ್ನಿಲ್ಯಾಂಡಿನ ಮ್ಯಾಟರ್‌ಹಾರ್ನ್‌ಗಾಗಿ ಕ್ಯಾಲಿಫೋರ್ನಿಯಾದ ಆ್ಯರೋ ಕಂಪನಿಯವರು ಉಕ್ಕಿನ ಕೊಳವೆಯನ್ನೇ ಹಳಿ ಮಾಡಿದರು. ಕೊಳವೆಯನ್ನು ಕಾರ್ಖಾನೆಯಲ್ಲಿ ಬೇಕಾದ ಹಾಗೆ ಬಗ್ಗಿಸಿ ತಂದು, ಸ್ಥಳದಲ್ಲಿ ಬೋಲ್ಟು ಹಾಕಿದರಾಯಿತು. ಅದೇ ಕಂಪನಿ 1966ರಲ್ಲಿ ಈ ಆರ್ಲಿಂಗ್‌ಟನ್ ಪಾರ್ಕಿಗೇ ಗಣಿರೈಲಿನ ಮಾದರಿಯ ಒಂದು ಕೋಸ್ಟರನ್ನು ಕಟ್ಟಿಕೊಟ್ಟಿತು. ಅಂಥ ರೈಲುಗಳಲ್ಲಿ ಅದೇ ಮೊದಲನೆಯದು.

ಕೊಳವೆ ಬಗ್ಗುತ್ತದೆ, ಸರಿ. ಯಾವ ಲೆಕ್ಕಕ್ಕೆ ಬಗ್ಗಬೇಕು? ಇದಕ್ಕೆ ಉತ್ತರ ಕೊಟ್ಟವನು ಜರ್ಮನಿಯ ವೆರ್ನರ್ ಸ್ಟೆಂಗೆಲ್. 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಓಡಿದ ರೆವಲ್ಯೂಷನ್ ಎಂಬ ಕೋಸ್ಟರಿಗೆ ಅವನು ವೃತ್ತದ ಬದಲು ನೀರಹನಿಯ ಆಕಾರದ ಸುತ್ತು ಕೊಟ್ಟ. ಕೆಳಗೆ ವೇಗ ಹೆಚ್ಚಿರುವ ಕಡೆ ತಿರುವು ಅಗಲ, ಮೇಲೆ ವೇಗ ತಗ್ಗಿದ ಕಡೆ ಕಿರಿದು. ರೈಲ್ವೆಯವರೂ ಇದೇ ನ್ಯಾಯದಿಂದ ನೇರ ಹಳಿಯನ್ನು ಮೆಲ್ಲಗೆ ತಿರುವಿಗೆ ಒಯ್ಯುತ್ತಾರೆ. ಗಾಡಿ ಹೊರಳುವಾಗ ಹಳಿಯ ಸುತ್ತ ಹೊರಳಬಾರದು, ಕೂತವನ ಎದೆಯ ಸುತ್ತ ಹೊರಳಬೇಕು ಎಂಬುದೂ ಸ್ಟೆಂಗೆಲ್ ಪ್ರಚಾರಕ್ಕೆ ತಂದ ಲೆಕ್ಕವೇ. ಟೊರ್ಮೆಂಟಾದಲ್ಲಿ 179 ಅಡಿಯ ಸುತ್ತು ಹಾಕಲು ಸಾಧ್ಯವಾಗಿರುವುದು ಈ ಜ್ಯಾಮಿತಿಯಿಂದ.

ಅಂಚು ದಾಟಿದ ಗಾಡಿಗೆ ಎಂಜಿನ್ನೇ ಇಲ್ಲ ಎಂಬುದು ಅನೇಕರಿಗೆ ಹೊಳೆಯುವುದಿಲ್ಲ. ಒಂದು ಕಲ್ಲನ್ನು 285 ಅಡಿಯಿಂದ ಬಿಟ್ಟರೆ, ಪಿಯುಸಿಯ ಸೂತ್ರದ ಪ್ರಕಾರ ನೆಲ ತಾಕುವಾಗ ಅದರ ವೇಗ ಗಂಟೆಗೆ ಸುಮಾರು 149 ಕಿ.ಮೀ. ಈ ಗಾಡಿಗೆ ಹೇಳಿರುವುದು 140. ಗಾಳಿ, ಚಕ್ರ ಎಲ್ಲ ಸೇರಿ ನುಂಗಿದ್ದು ಒಂಬತ್ತೇ ಒಂಬತ್ತು! ಇಂದಿನ ಕೋಸ್ಟರ್‌ಗಳಲ್ಲಿ ಸಾಮಾನ್ಯವಾಗಿರುವ ಅಯಸ್ಕಾಂತದ ಬ್ರೇಕಿಗೂ ವಿದ್ಯುತ್ತು ಬೇಡ. ಲೋಹದ ಪಟ್ಟಿ ಕಾಂತಗಳ ನಡುವೆ ಹಾಯುವಾಗ ತಾನಾಗಿ ತಡೆ ಹುಟ್ಟುತ್ತದೆ, ಕರೆಂಟು ಹೋದರೂ ಗಾಡಿ ನಿಧಾನವಾಗುತ್ತದೆ.

ಇಷ್ಟೆಲ್ಲ ಖಚಿತ ಲೆಕ್ಕದ ನಡುವೆ ಲೆಕ್ಕಕ್ಕೆ ಸಿಗದ್ದು ಮನುಷ್ಯನ ದೇಹ. ಜನರನ್ನು ಹತ್ತಿಸುವ ಮೊದಲು ಪರೀಕ್ಷೆಗಾಗಿ ಸೀಟುಗಳಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಗೊಂಬೆಗಳನ್ನು ಕೂರಿಸುತ್ತಾರೆ. ಅವು ಮಿಸುಕುವುದಿಲ್ಲ. ಜನರಲ್ಲಿ ಮೋಟು, ಉದ್ದ, ತೆಳು, ದಪ್ಪ ಎಲ್ಲ ಇರುತ್ತಾರೆ. ಒಂದೇ ಸರಳು ಎಲ್ಲರ ತೊಡೆಯ ಮೇಲೂ ಒಂದೇ ಹಾಗೆ ಕೂರದು. ಇದೇ ಪಾರ್ಕಿನ ಟೆಕ್ಸಾಸ್ ಜೈಂಟ್ 1990ರಲ್ಲಿ ಮರದ ಕೋಸ್ಟರ್ ಆಗಿ ಶುರುವಾಗಿ, 2011ರಲ್ಲಿ ಉಕ್ಕಿನ ಹಳಿ ಪಡೆದಿತ್ತು. 2013ರ ಜುಲೈನಲ್ಲಿ ಅದರಿಂದ ಮಹಿಳೆಯೊಬ್ಬರು ಬಿದ್ದು ಸತ್ತರು. ಹಳಿಯಲ್ಲಿ, ಕಂಬದಲ್ಲಿ ಲೋಪವಿರಲಿಲ್ಲ. ಪ್ರಶ್ನೆ ಎದ್ದದ್ದು ತೊಡೆಯ ಮೇಲಿನ ಸರಳಿನ ಬಗ್ಗೆ. ಮತ್ತೆ ಓಡಿಸುವಾಗ ಸರಳಿನ ದಿಂಬನ್ನು ಬದಲಿಸಿ, ಜೊತೆಗೆ ಸೀಟ್ ಬೆಲ್ಟನ್ನೂ ಕೊಟ್ಟರು.

ಇಂಥ ಯಂತ್ರಗಳ ಮೇಲೆ ಕಣ್ಣಿಡುವವರು ಯಾರು ಎಂಬ ಪ್ರಶ್ನೆಗೆ ಅಮೆರಿಕದ ಉತ್ತರ ವಿಚಿತ್ರವಾಗಿದೆ. ಜಾತ್ರೆಯಿಂದ ಜಾತ್ರೆಗೆ ಸಾಗುವ ತಿರುಗುಯಂತ್ರಗಳು ಕೇಂದ್ರದ ಗ್ರಾಹಕ ಸುರಕ್ಷಾ ಆಯೋಗದ ವ್ಯಾಪ್ತಿಗೆ ಬರುತ್ತವೆ. ಒಂದೇ ಕಡೆ ಬೇರೂರಿದ ಪಾರ್ಕಿನ ಯಂತ್ರಗಳನ್ನು ಅಲ್ಲಿನ ಸಂಸತ್ತು 1981ರಲ್ಲೇ ಅದರಿಂದ ಹೊರಗಿಟ್ಟಿತು. ಉಳಿದದ್ದು ಆಯಾ ರಾಜ್ಯದ ಪಾಲಿಗೆ. ಟೆಕ್ಸಾಸಿನಲ್ಲಿ ಆ ಕೆಲಸ ವಿಮಾ ಇಲಾಖೆಯದು. ಪಾರ್ಕಿನವರು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ, ವಿಮೆ ಇದೆಯೆಂದು ತೋರಿಸಿ, ಇಲಾಖೆಗೆ ಕಾಗದ ಸಲ್ಲಿಸಬೇಕು. ಟೊರ್ಮೆಂಟಾ ಕೂಡ ತನ್ನ ಮೊದಲ ಪ್ರಯಾಣಿಕನನ್ನು ಹತ್ತಿಸಿಕೊಳ್ಳುವ ಮುನ್ನ ಆ ಕಚೇರಿಯ ಮೇಜಿನ ಮೇಲೆ ಹಾದುಹೋಗಲೇಬೇಕು.