ಬದುವಿನ ಆಚೆ ಬೋರು, ಈಚೆ ಬೋರು

ಹೋದ ತಿಂಗಳು ರಾತ್ರಿ ಊಟಕ್ಕೆ ಕುಂತಾಗ ನಮ್ಮನಿಯವರು ಬೋರಿನ ಮಾತು ತೆಗೆದರು. ಮೊದಲು ಎರಡಿಂಚು ನೀರು ಬರುತ್ತಿದ್ದ ಬೋರು ಈಗ ತಾಸು ನಡೆದರೆ ಗಾಳಿ ಉಗುಳುತ್ತದೆ, ಕಬ್ಬು ಬಾಡುತ್ತಿದೆ. ಬದುವಿನಾಚೆ ಭಾವನವರ ಹೊಲ. ಅವರೂ ಆಳದ ಬೋರು ಹೊಡೆಸುವ ವಿಚಾರದಲ್ಲಿದ್ದಾರೆಂದು ಸುದ್ದಿ.

“ಅವರಕಿಂತ ಮೊದಲ ನಾವ ಹೊಡಸೂಣು. ನಾವ್ ಬಿಟ್ರ ಆ ನೀರು ಉಳಿತೈತೇನು?”

“ಅವರೂ ಹಿಂಗ ಅಂದ್ರ?”

“ಅಂದ ಅಂತಾರ. ಅದಕ್ಕ ಲಗೂ ಮಾಡಬೇಕು.”

ಧಾರವಾಡದಲ್ಲಿ ಅರ್ಥಶಾಸ್ತ್ರ ಓದುವ ಮಗಳು ರಜೆಗೆ ಬಂದಿದ್ದಳು. ಪೇಪರಿನ ಅಂಚಿನಲ್ಲಿ ನಾಲ್ಕು ಮನೆ ಗೆರೆ ಹೊಡೆದಳು. ಇಬ್ಬರೂ ಸುಮ್ಮನಿದ್ದರೆ ಇಬ್ಬರಿಗೂ ರೊಕ್ಕ ಉಳೀತು, ಇದ್ದ ನೀರಿನಲ್ಲಿ ಬಾಳೇವು. ಒಬ್ಬರು ಹೊಡೆಸಿದರೆ ಅವರಿಗೆ ನೀರು, ಇನ್ನೊಬ್ಬರಿಗೆ ಒಣ ಪೈಪು. ಇಬ್ಬರೂ ಹೊಡೆಸಿದರೆ ಇಬ್ಬರಿಗೂ ಸಾಲ, ನೀರು ಮತ್ತೆ ಮೊದಲಿನಷ್ಟೇ. ಆಚೆಯವರು ಏನೇ ಮಾಡಲಿ, ನಮಗೆ ಹೊಡೆಸುವುದೇ ಲಾಭ. ಅವರಿಗೂ ಹಾಗೇ. ಹಾಗಾಗಿ ಇಬ್ಬರೂ ಲೆಕ್ಕ ತಪ್ಪದೆ ಸಾಲಕ್ಕೆ ಬೀಳುತ್ತೇವೆ. ಇದಕ್ಕೆ ‘ಕೈದಿಗಳ ಸಂದಿಗ್ಧ’ ಅನ್ನುತ್ತಾರಂತೆ. 1950ರಲ್ಲಿ ಅಮೆರಿಕದ ಫ್ಲಡ್ ಮತ್ತು ಡ್ರೆಷರ್ ಈ ಆಟ ಕಟ್ಟಿದರು, ಬೇರೆ ಬೇರೆ ಕೋಣೆಯಲ್ಲಿ ಕೂಡಿಹಾಕಿದ ಇಬ್ಬರು ಕೈದಿಗಳ ಕತೆಯನ್ನು ಅದಕ್ಕೆ ಜೋಡಿಸಿದವರು ಗಣಿತಜ್ಞ ಟಕ್ಕರ್.

ಬೇರೆ ಕೋಣೆ ಎಂಬಲ್ಲಿ ನನ್ನ ಮನಸ್ಸು ನಿಂತಿತು. ನಾವು ಹಾಗಿಲ್ಲವಲ್ಲ! ನೆಗೆಣ್ಣಿ ಮನೆಗೆ ದಿನಾ ಸಾರು ಹೋಗುತ್ತದೆ, ಅಲ್ಲಿಂದ ಪಲ್ಯ ಬರುತ್ತದೆ. ಬೋರಿನ ಮಾತು ಮಾತ್ರ ಯಾರ ಬಾಯಲ್ಲೂ ಇಲ್ಲ.

ನಮ್ಮ ಸೀಮೆಯವರಿಗೆ ಇನ್ನೊಂದು ಆಟವೂ ಗೊತ್ತು. 1989ರಲ್ಲಿ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರು ಸರ್ಕಾರಕ್ಕೆ ಕಾಯದೆ ತಾವೇ ರೊಕ್ಕ ಕೂಡಿಸಿ, ಮೈಮುರಿದು ದುಡಿದು ಕೃಷ್ಣಾ ನದಿಗೆ ಬ್ಯಾರೇಜ್ ಕಟ್ಟಿದರು. ಅದೇ ಶ್ರಮಬಿಂದು ಸಾಗರ. ಮುಂದೆ ನಿಂತ ಸಿದ್ದು ನ್ಯಾಮಗೌಡರು ಬ್ಯಾರೇಜ್ ಸಿದ್ದು ಆದರು, 1991ರ ಲೋಕಸಭೆ ಚುನಾವಣೆಯಲ್ಲಿ ಬಾಗಲಕೋಟೆಯಿಂದ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ಲೆಕ್ಕ ನೋಡಿದರೆ ಅದು ಕಟ್ಟಲೇಬಾರದಿತ್ತು. ನಿಂತ ನೀರು ಪಟ್ಟಿ ಕೊಟ್ಟವರ್‍ಯಾರು, ಕೊಡದವರ್‍ಯಾರು ಎಂದು ಕೇಳುವುದಿಲ್ಲ. ಆದರೆ ಅರ್ಧ ಕಟ್ಟಿದ ಒಡ್ಡಿನಲ್ಲಿ ನೀರೂ ನಿಲ್ಲುವುದಿಲ್ಲ. ‘ಉಳಿದವರು ಕೊಡ್ತಾರ’ ಎಂಬ ನಂಬಿಕೆ ಹುಟ್ಟಿದರೆ ಕೊಡುವುದೇ ಜಾಣತನ. ಆ ನಂಬಿಕೆ ಹುಟ್ಟಿಸುವುದೇ ಕಲ್ಲು ಹೊರುವುದಕ್ಕಿಂತ ಕಷ್ಟದ ಕೆಲಸ ಅಂತ ನನಗನಿಸುತ್ತದೆ.

ಬೋರಿನದು ಅದಕ್ಕಿಂತ ಕಠಿಣ, ನೆಲದೊಳಗಿನದು ಕಾಣುವುದಿಲ್ಲ. ಮಗಳು ಎಲಿನಾರ್ ಆಸ್ಟ್ರಮ್ ಹೆಸರು ಹೇಳಿದಳು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಹೆಂಗಸು. ಆಕೆಯ ಪಿಎಚ್‌ಡಿ ಲಾಸ್ ಏಂಜಲೀಸ್ ಬದಿಯ ಬೋರುಗಳ ಮೇಲೇ! ಎಲ್ಲರೂ ಎಳೆದೆಳೆದು ಸಮುದ್ರದ ಉಪ್ಪುನೀರು ಬಾವಿಗಳಿಗೆ ನುಗ್ಗತೊಡಗಿತ್ತು. ಕೊನೆಗೆ ಒಪ್ಪಂದಕ್ಕೆ ಬಂದರು. ಹೆಚ್ಚಿನವರು ಸಹಿ ಹಾಕಿದರೆ ಮಾತ್ರ ಅದು ಜಾರಿ. ಯಾರು ಎಷ್ಟು ಎತ್ತಿದರೆಂದು ಅಳೆಯಲು ಒಬ್ಬ ಅಧಿಕಾರಿ, ಆ ಲೆಕ್ಕ ಎಲ್ಲರಿಗೂ ಬಯಲು.

ಮರುದಿನ ಪಲ್ಯದ ಬಟ್ಟಲ ತಿರುಗಿ ಕೊಡಲು ಹೋದಾಗ ಕೇಳೇಬಿಟ್ಟೆ. “ಅಕ್ಕಾ, ನೀವು ಬೋರು ಹೊಡಸ್ತೀರೇನು?”

“ನೀವ ಗಾಡಿ ಕರಸ್ತೀರಂತ ಇವರು ಮೂರು ದಿನದಿಂದ ನಿದ್ದಿ ಮಾಡಿಲ್ಲವಾ,” ಅಂದಳು.

ಇಬ್ಬರೂ ಗಂಡಸರು ಕುಂತು ಮಾತಾಡಿದ್ದಾರೆ. ಒಂದಿನ ಅವರ ಮೋಟಾರು, ಒಂದಿನ ನಮ್ಮದು. ಮುಂದಿನ ವರ್ಷ ಅರ್ಧ ಕಬ್ಬು ಕಮ್ಮಿ. ಸುತ್ತಲಿನ ಉಳಿದ ಬೋರಿನವರು ಇನ್ನೂ ಒಪ್ಪಿಲ್ಲ, ಅಲ್ಲಿಯವರೆಗೆ ಇದು ಅರ್ಧ ಒಡ್ಡೇ.

ನಿನ್ನೆ ಅವರ ಪಾಳಿ. ಸಂಜೆ ಹೊಲಕ್ಕೆ ಹೋದರೆ ನೆಗೆಣ್ಣಿ ಬದುವಿನ ಮೇಲೆ ನಿಂತು ನಮ್ಮ ಮೋಟಾರು ಬಂದ್ ಇದೆಯೋ ಇಲ್ಲವೋ ಕಿವಿಗೊಟ್ಟು ಕೇಳುತ್ತಿದ್ದಳು. ನನ್ನ ಕಂಡು ಸೆರಗು ಸರಿಮಾಡಿಕೊಂಡು ನಕ್ಕಳು. ಮೊನ್ನೆ ಅದೇ ಜಾಗದಲ್ಲಿ ನಾನೂ ನಿಂತಿದ್ದೆ. ಅದನ್ನು ಮಾತ್ರ ಹೇಳಲಿಲ್ಲ.