ಅಮ್ಮ ನಡೆಯಬಲ್ಲ ದಾರಿ ಎಲ್ಲಿದೆ?

ಪುಣೆಯ ನಮ್ಮ ಕಚೇರಿಯಲ್ಲಿ ಮಳೆಗಾಲ ಶುರುವಾದರೆ ಸೋಮವಾರದ ಚಹಾ ಹೊತ್ತಿನ ಮಾತು ಒಂದೇ. ಶನಿವಾರ ಯಾರು ಯಾವ ಕೋಟೆ ಹತ್ತಿದರು? ರಾಜಗಡವೋ, ತೋರಣಾವೋ, ಹರಿಶ್ಚಂದ್ರಗಡವೋ? ಎಷ್ಟು ಗಂಟೆ, ಎಷ್ಟು ಎತ್ತರ, ಫೋನಿನಲ್ಲಿ ಎಷ್ಟು ಹೆಜ್ಜೆ? ನಾನೂ ಹತ್ತಿದ್ದೇನೆ, ಆ ಖುಷಿ ಗೊತ್ತು. ಆದರೆ ಈ ಲೆಕ್ಕದಲ್ಲಿ ಏರಿಲ್ಲದ ದಾರಿಗೆ ಬೆಲೆಯೇ ಇಲ್ಲ. ಸಮತಟ್ಟಾದ, ಸಲೀಸಾದ ನಡಿಗೆ ಎಂದರೆ ‘ಅದೇನು ಮಹಾ’ ಎನ್ನುತ್ತೇವೆ. ನನ್ನ ಪ್ರಕಾರ ಒಂದು ಊರು ತನ್ನ ಜನಕ್ಕೆ ಕೊಡಬಹುದಾದ ಬಲು ದೊಡ್ಡ ಸವಲತ್ತುಗಳಲ್ಲಿ ಅಂಥ ದಾರಿಯೂ ಒಂದು. ಮಂಡಿ ನೋವಿನವರೂ ನಡೆಯುವಂಥ, ಪೇಟೆಯಿಂದಲೇ ಶುರುವಾಗುವ, ಪುಕ್ಕಟೆ ದಾರಿ.

ಈ ಮಾತಿಗೆ ನನ್ನ ಬಳಿ ಇರುವ ಉದಾಹರಣೆ ಪೋರ್ಚುಗಲ್‌ನದು. ಕಳೆದ ಅಕ್ಟೋಬರ್‌ನಲ್ಲಿ ಕೆಲಸದ ಮೇಲೆ ಪೋರ್ಟೊ ನಗರಕ್ಕೆ ಹೋದವನು ರಜೆ ಸೇರಿಸಿಕೊಂಡು, ಅಮ್ಮನನ್ನೂ ಕರೆದುಕೊಂಡು, ಅಲ್ಲಿಂದ ಉತ್ತರಕ್ಕಿರುವ ಪೋಂತೆ ದೆ ಲಿಮಾದಲ್ಲಿ ನಾಲ್ಕು ದಿನ ಇದ್ದೆ. ಪೋಂತೆ ಎಂದರೆ ಸೇತುವೆ; ಲಿಮಾ ನದಿಯ ಸೇತುವೆ, ಊರಿನ ಹೆಸರು ಅಷ್ಟೇ. ನದಿ ಸ್ಪೇನ್‌ನ ಗಲೀಸಿಯಾದಲ್ಲಿ ಹುಟ್ಟಿ, ಈ ಊರನ್ನು ದಾಟಿ, ವಿಯಾನಾ ದೊ ಕಾಸ್ತೆಲೊ ಬಳಿ ಅಟ್ಲಾಂಟಿಕ್ ಸೇರುತ್ತದೆ. ಪೋರ್ಚುಗಲ್‌ಗೆ ಮೊದಲ ರಾಜ ಬರುವ ಮುಂಚೆಯೇ, 1125ರಲ್ಲಿ, ಆ ರಾಜನ ತಾಯಿ ತೆರೇಸಾ ಈ ಊರಿಗೆ ಸನ್ನದು ಕೊಟ್ಟಳು. ಅದರಲ್ಲಿ ಸಂತೆಯ ಪ್ರಸ್ತಾಪವೂ ಇದೆ. ಒಂಬತ್ತು ಶತಮಾನ ಕಳೆದರೂ ಹದಿನೈದು ದಿನಕ್ಕೊಮ್ಮೆ, ಸೋಮವಾರ, ನದಿಯ ಮರಳ ದಂಡೆಯ ಮೇಲೆ ಸಂತೆ ಕೂಡುತ್ತದೆ.

ಇಲ್ಲಿನ ನಡಿಗೆ ಶುರುವಾಗುವುದು ಸೇತುವೆಯಿಂದ. ಸುಮಾರು 300 ಮೀಟರ್ ಉದ್ದದ ಕಲ್ಲಿನ ಸೇತುವೆ. ಬಲದಂಡೆಯ ಕಡೆಯ ಕೆಲವು ಕಮಾನುಗಳು ರೋಮನ್ನರ ಕಾಲದವು, ಉಳಿದದ್ದು 14ನೇ ಶತಮಾನದ್ದು. ಇಂದಿನ ಬ್ರಾಗಾದಿಂದ ಸ್ಪೇನ್‌ನ ಅಸ್ತೋರ್ಗಾಕ್ಕೆ ಹೋಗುತ್ತಿದ್ದ ರೋಮನ್ ರಸ್ತೆ ಇಲ್ಲೇ ನದಿ ದಾಟುತ್ತಿತ್ತು. ಈಗ ಅದರ ಮೇಲೆ ವಾಹನಗಳಿಲ್ಲ, ನಡೆಯುವವರದೇ ರಾಜ್ಯ. ಪೇಟೆಯ ಕಡೆ, ನೀರಿಗೆ ಹೊಂದಿಕೊಂಡು, ದೊಡ್ಡ ದೊಡ್ಡ ಪ್ಲೇನ್ ಮರಗಳ ಸಾಲುದಾರಿ ಇದೆ. ಊರಿನ ಮುದುಕರು ಸಂಜೆ ಕಳೆಯುವುದು ಅದರ ಕೆಳಗೆ.

ಇನ್ನೂ ನಡೆಯುವ ಮನಸ್ಸಿದ್ದರೆ ‘ಇಕೋವಿಯಾ’ ಎಂದು ಕರೆಯುವ ನದಿಪಕ್ಕದ ದಾರಿಗಳಿವೆ. ಒಂದು ನದಿಯ ಮೇಲ್ಗಡೆಗೆ, ಸುಮಾರು 18 ಕಿಲೋಮೀಟರ್ ದೂರದ ಪೋಂತೆ ದಾ ಬಾರ್ಕಾದತ್ತ ಹೋಗುತ್ತದೆ. ಇನ್ನೊಂದು ಕೆಳಗಡೆಗೆ, ಹೊಲಗಳ ನಡುವೆ. ಮತ್ತೊಂದು ಬಲದಂಡೆಯಲ್ಲಿ ಬೆರ್ತಿಯಾಂದೊಸ್ ಕೆರೆಗಳತ್ತ. ಆ ಜೌಗು ಪ್ರದೇಶವನ್ನು 2000ದಲ್ಲಿ ಸಂರಕ್ಷಿತ ಎಂದು ಘೋಷಿಸಿದರು, 2005ರಲ್ಲಿ ಅದು ರಾಮ್ಸರ್ ಪಟ್ಟಿಗೆ ಸೇರಿತು. ಕೆಸರು ಇರುವ ಕಡೆ ಮರದ ಹಲಗೆ ಹಾಸಿದ್ದಾರೆ. ಯಾವ ದಾರಿಯನ್ನೂ ಪೂರ್ತಿ ಮುಗಿಸಬೇಕೆಂಬ ಹಟ ಬೇಡ. ಅರ್ಧ ಗಂಟೆ ಹೋಗಿ ತಿರುಗಿ ಬಂದರೂ ನಡಿಗೆ ನಡಿಗೆಯೇ. ದಾರಿ ತಪ್ಪುವ ಭಯವೂ ಕಡಿಮೆ. ಆ ದೇಶದಲ್ಲಿ ಸಣ್ಣ ಕಾಲುದಾರಿಗಳಿಗೆ ಹಳದಿ-ಕೆಂಪು ಪಟ್ಟಿಯ ಗುರುತು. ಪಟ್ಟಿ ಅಡ್ಡಲಾಗಿದ್ದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ, ಕತ್ತರಿ ಆಕಾರದಲ್ಲಿದ್ದರೆ ತಿರುಗಬೇಕು. ಹಳದಿ ಬಾಣ ಕಂಡರೆ ಅದು ಸ್ಪೇನ್‌ನ ಸಾಂತಿಯಾಗೊಗೆ ಕಾಲ್ನಡಿಗೆಯಲ್ಲಿ ಹೋಗುವ ಯಾತ್ರಿಕರಿಗೆ. ಅವರಿಗೆ ಇಲ್ಲಿಂದ ಇನ್ನೂ ಸುಮಾರು 150 ಕಿಲೋಮೀಟರ್ ಬಾಕಿ.

ನನ್ನ ಅಮ್ಮನಿಗೆ 71. ಹರಿಹರದವರು. ಅಪ್ಪ ತೀರಿಕೊಂಡ ಮೇಲೆ, ಎರಡು ವರ್ಷದ ಹಿಂದೆ, ನಮ್ಮ ಜೊತೆ ಪುಣೆಗೆ ಬಂದರು. ಹರಿಹರದಲ್ಲಿ ದಿನಾ ಬೆಳಿಗ್ಗೆ ಗುಡಿಗೆ ಹೋಗಿ, ತುಂಗಭದ್ರೆಯ ದಂಡೆಗೆ ಹೋಗಿ ಬರುತ್ತಿದ್ದವರು ಈಗ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗದಲ್ಲಿ ಕಾರುಗಳ ನಡುವೆ ಹನ್ನೊಂದು ಸುತ್ತು ಹಾಕುತ್ತಾರೆ. ಗೇಟು ದಾಟಿದರೆ ಆರು ಸಾಲು ವಾಹನ. ಫುಟ್‌ಪಾತ್ ಇದೆ, ಆದರೆ ಮೊಣಕಾಲೆತ್ತರಕ್ಕೆ ಹತ್ತಬೇಕು, ಇಪ್ಪತ್ತು ಹೆಜ್ಜೆಗೆ ಇಳಿಯಬೇಕು. ‘ದಿನಾ ಅರ್ಧ ಗಂಟೆ ನಡೆಯಿರಿ’ ಎನ್ನುತ್ತಾರೆ ಡಾಕ್ಟರು. ಎಲ್ಲಿ ಎಂಬುದು ಅವರ ಚೀಟಿಯಲ್ಲಿ ಇರುವುದಿಲ್ಲ.

ಅದೇ ಅಮ್ಮ ಪೋಂತೆ ದೆ ಲಿಮಾದಲ್ಲಿ ಎರಡನೇ ದಿನ ಹೆಚ್ಚುಕಮ್ಮಿ ನಾಲ್ಕು ಕಿಲೋಮೀಟರ್ ನಡೆದರು. ನಡುವೆ ಮೂರು ಕಡೆ ಕೂತರು. ಮೆಕ್ಕೆಜೋಳದ ಹೊಲ ಕಂಡು ನಿಂತರು. ದಾವಣಗೆರೆ ಸೀಮೆಯವರಿಗೆ ಅದರ ಗುರುತು ಹೇಳಿಕೊಡಬೇಕಿಲ್ಲ. ‘ಇಲ್ಲಿ ಕಾಲಿಗೆ ಏನೂ ಎಡವಂಗಿಲ್ಲ ನೋಡು’ ಎಂದರು. ಅವರ ಮಂಡಿ ಪುಣೆಯದೇ, ಔಷಧವೂ ಪುಣೆಯದೇ. ಬದಲಾಗಿದ್ದು ನೆಲ ಒಂದೇ.

ಆ ಊರಿಗೊಂದು ಹಳೆಯ ಕಥೆ ಇದೆ. ಕ್ರಿಸ್ತಪೂರ್ವ 2ನೇ ಶತಮಾನದಲ್ಲಿ ದೆಸಿಮಸ್ ಜೂನಿಯಸ್ ಬ್ರೂಟಸ್ ಎಂಬ ರೋಮನ್ ಸೇನಾಪತಿ ಇಲ್ಲಿಗೆ ಬಂದಾಗ ಸೈನಿಕರು ನದಿ ದಾಟಲು ಒಪ್ಪಲಿಲ್ಲವಂತೆ. ಇದು ಪುರಾಣದ ಲೀಥಿ, ಮರೆವಿನ ನದಿ. ದಾಟಿದವರು ಊರು, ಮನೆ, ಹೆಸರು ಎಲ್ಲ ಮರೆಯುತ್ತಾರೆ ಎಂಬ ಹೆದರಿಕೆ. ಆಗ ಸೇನಾಪತಿ ತಾನೊಬ್ಬನೇ ದಾಟಿ, ಆಚೆ ದಡದಿಂದ ಒಬ್ಬೊಬ್ಬ ಸೈನಿಕನನ್ನೂ ಹೆಸರು ಹಿಡಿದು ಕೂಗಿದನಂತೆ. ಈಗ ಒಂದು ದಡದಲ್ಲಿ ಸೈನಿಕರ ಪ್ರತಿಮೆಗಳು, ಇನ್ನೊಂದು ದಡದಲ್ಲಿ ಕುದುರೆ ಮೇಲೆ ಅವನು.

ಹೊಳೆ ದಾಟಿ ಬಂದ ನಮಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ. ನಾವು ಉದ್ಯೋಗಸ್ಥರು ಹೇಗೋ ಹೆಸರು ಉಳಿಸಿಕೊಂಡಿದ್ದೇವೆ, ಕಚೇರಿಯಿದೆ, ಸಹೋದ್ಯೋಗಿಗಳಿದ್ದಾರೆ. ನಮ್ಮ ಹಿಂದೆ ಬಂದ ಅಪ್ಪ ಅಮ್ಮಂದಿರ ಕಥೆ ಬೇರೆ. ಹರಿಹರದಲ್ಲಿ ದಾರಿಯುದ್ದಕ್ಕೂ ಅಮ್ಮನನ್ನು ಹೆಸರಿಟ್ಟು ಮಾತಾಡಿಸುವವರಿದ್ದರು. ಪುಣೆಯಲ್ಲಿ ಅವರು ಏಳನೇ ಮಹಡಿಯ ‘ಆಜಿ’. ಮುದುಕರು ಗುರುತಾಗುವುದು ನಡೆಯುವುದರಿಂದ. ದಿನಾ ಒಂದೇ ಹೊತ್ತಿಗೆ ಒಂದೇ ದಾರಿಯಲ್ಲಿ ಕಂಡವರು ಮೊದಲು ತಲೆಯಾಡಿಸುತ್ತಾರೆ, ಆಮೇಲೆ ಊರು ಕೇಳುತ್ತಾರೆ, ಆಮೇಲೆ ಹೆಸರು. ನಡೆಯುವ ದಾರಿ ಇಲ್ಲದ ಊರಿನಲ್ಲಿ ಈ ಮೂರೂ ನಡೆಯುವುದಿಲ್ಲ.

‘ಅದು ಪುಟ್ಟ ಊರು, ಯುರೋಪಿನ ದುಡ್ಡು, ತಂಪು ಹವೆ. ನಮಗೆ ಹೋಲಿಕೆಯೇ?’ ಎಂದು ಕೇಳಬಹುದು. ಅರ್ಧ ನಿಜ. ಇಡೀ ಪುರಸಭೆ ವ್ಯಾಪ್ತಿಯಲ್ಲಿ ಜನಸಂಖ್ಯೆ 40 ಸಾವಿರ ಚಿಲ್ಲರೆ. ನಮ್ಮ ಒಂದು ವಾರ್ಡಿನಷ್ಟೂ ಇಲ್ಲ. ನಮ್ಮ ಏಪ್ರಿಲ್ ಬಿಸಿಲು ಅಲ್ಲಿಲ್ಲ, ನದಿಗೆ ಇಳಿಯುವ ನಮ್ಮ ಚರಂಡಿ ನೀರೂ ಅಲ್ಲಿಲ್ಲ. ಆದರೆ ನಾನು ನಡೆದ ದಾರಿಯ ಬಹುಪಾಲು ಮಣ್ಣು, ಜಲ್ಲಿ, ಹಲಗೆ. ಚಳಿಗಾಲದಲ್ಲಿ ನದಿ ಉಕ್ಕಿದರೆ ಸಂತೆಯ ಮರಳ ದಂಡೆಯೂ ತಗ್ಗಿನ ದಾರಿಗಳೂ ನೀರಿನಡಿ ಹೋಗುತ್ತವೆ, ಇಳಿದ ಮೇಲೆ ಮತ್ತೆ ಜನ ಬರುತ್ತಾರೆ. ನದಿಯ ಜಾಗವನ್ನು ನದಿಗೇ ಬಿಟ್ಟು, ಅದು ಬಳಸದ ದಿನಗಳಲ್ಲಿ ತಾವು ನಡೆಯುವ ಏರ್ಪಾಡು ಇದು. ಇದಕ್ಕೆ ಬೇಕಾದ್ದು ದುಡ್ಡಿಗಿಂತ ಹೆಚ್ಚಾಗಿ ಸಂಯಮ.

ನಮ್ಮ ನಗರಗಳಲ್ಲಿ ನದಿಗಳಿಗೇನೂ ಬರವಿಲ್ಲ. ಪುಣೆಗೆ ಮುಳಾ-ಮುಠಾ, ಹೈದರಾಬಾದಿಗೆ ಮೂಸಿ, ಚೆನ್ನೈಗೆ ಅಡ್ಯಾರ್, ಮುಂಬೈಗೆ ಮಿಠಿ, ದೆಹಲಿಗೆ ಯಮುನೆ. ದಂಡೆ ಅಭಿವೃದ್ಧಿಯ ಮಾತು ಬಂದಾಗಲೆಲ್ಲ ಕಾಂಕ್ರೀಟ್ ಗೋಡೆ, ದೀಪಾಲಂಕಾರ, ತಿಂಡಿ ಮಳಿಗೆಗಳ ಚಿತ್ರ ಬರುತ್ತದೆ. ಪುಣೆಯಲ್ಲಿ ಈ ಬಗ್ಗೆ ವರ್ಷಗಳಿಂದ ವಾದ ನಡೆದಿದೆ, ಮರ ಉಳಿಸಿ ಎಂದು ಜನ ಬೀದಿಗಿಳಿದಿದ್ದಾರೆ. ಆ ವಾದದಲ್ಲಿ ನಾವು ಹೊರನಾಡ ಕನ್ನಡಿಗರು ಸಾಮಾನ್ಯವಾಗಿ ಇರುವುದಿಲ್ಲ. ‘ನಮ್ಮೂರಲ್ಲವಲ್ಲ’ ಎಂದು ಸುಮ್ಮನಿರುತ್ತೇವೆ. ತೆರಿಗೆ ಕಟ್ಟುವ, ಮಕ್ಕಳನ್ನು ಓದಿಸುವ, ಅಪ್ಪ ಅಮ್ಮನನ್ನು ಕರೆತಂದಿರುವ ಊರು ಇನ್ನೆಷ್ಟು ನಮ್ಮದಾಗಬೇಕು?

ನನ್ನ ಸಲಹೆ ಸಣ್ಣದು. ಪ್ರತಿ ಊರಿನಲ್ಲೂ ಕನ್ನಡ ಸಂಘವಿದೆ. ರಾಜ್ಯೋತ್ಸವ, ಯುಗಾದಿ ಎರಡಕ್ಕೂ ಸಭಾಂಗಣ ತುಂಬಿಸುತ್ತೇವೆ. ಅದರ ಜೊತೆಗೆ ಭಾನುವಾರ ಬೆಳಿಗ್ಗೆ ಎರಡು ಕಿಲೋಮೀಟರಿನ ಒಂದು ನಡಿಗೆ ಇಟ್ಟುಕೊಳ್ಳೋಣ. ವೇಗ ನಮ್ಮ ಗುಂಪಿನ ಅತಿ ಹಿರಿಯರದ್ದು. ಕೆರೆ ಏರಿಯೋ, ನದಿ ದಂಡೆಯೋ, ವಿಶ್ವವಿದ್ಯಾಲಯದ ಆವರಣವೋ, ಎಲ್ಲಾದರೂ ಸರಿ. ಎಲ್ಲಿ ಎಡವಿದರು, ಎಲ್ಲಿ ಕೂರಲು ಜಾಗ ಸಿಗಲಿಲ್ಲ, ಎಲ್ಲಿ ರಸ್ತೆ ದಾಟಲಾಗಲಿಲ್ಲ ಎಂದು ಬರೆದುಕೊಳ್ಳೋಣ. ತಿಂಗಳಿಗೊಮ್ಮೆ ಆ ಪಟ್ಟಿಯನ್ನು ವಾರ್ಡ್ ಕಚೇರಿಗೆ, ಆ ಊರಿನ ಭಾಷೆಯಲ್ಲೇ ಬರೆದು, ಸ್ಥಳೀಯ ನೆರೆಹೊರೆಯವರ ಸಹಿಯೊಂದಿಗೆ ಕೊಡೋಣ. ಒಂದು ಬೆಂಚು, ಒಂದು ಇಳಿಜಾರು, ನಾಲ್ಕು ಮರ. ಕೇಳುವುದು ಇಷ್ಟನ್ನೇ, ಸಿಗುವವರೆಗೂ.